ರಿವರ್ಸ್ ಬಾರದ ಊರು

ಗೇಟಿಗೆ ಅಡ್ಡ ನಿಂತಿದ್ದ ಕಾರನ್ನು ಹಿಂದಕ್ಕೆ ತೆಗೆಯಲು ಹೋಗಿ ಬೇಕರಿಯಾಕೆ ಆಗಲೇ ಒಂದು ಹೂಕುಂಡ ಒಡೆದಿದ್ದಳು. ಅವಳು ಇಳಿದ ಮೇಲೆ ಔಷಧದಂಗಡಿಯವರು ಕೂತರು. ಕಾರಿನ ಮೂತಿಯನ್ನು ಗೋಡೆಗೆ ಇನ್ನಷ್ಟು ಹತ್ತಿರ ತಂದಿಟ್ಟು, ಹಣೆ ಒರೆಸಿಕೊಳ್ಳುತ್ತ ಅವರೂ ಇಳಿದರು. ಈಗ ಚಿಕ್ಕಪ್ಪನ ಸರದಿ. ಅವರು ಕಿಟಕಿಯಿಂದ ಕತ್ತು ಹೊರಗೆ ಹಾಕಿ, ಹಿಂದೆ ನೋಡಿ, ಮುಂದೆ ನೋಡಿ, ಸ್ಟೇರಿಂಗನ್ನು ಆ ಕಡೆ ಈ ಕಡೆ ತಿರುಗಿಸಿದರು. ಕಾರು ಮಾತ್ರ ಜಪ್ಪಯ್ಯ ಅಂದರೂ ಗೇಟು ಬಿಟ್ಟು ಕದಲಲಿಲ್ಲ. ಶವದ ವ್ಯಾನು ಇನ್ನೇನು ಬರುವ ಹೊತ್ತಾಗಿತ್ತು.

ನಡುಮನೆಯಲ್ಲಿ ಆ ಕಾರಿನ ಯಜಮಾನರು ಬಿಳಿ ಹೊದಿಕೆ ಹೊದ್ದು ಮಲಗಿದ್ದರು. ಬದುಕಿದ್ದಿದ್ದರೆ ಇಷ್ಟು ಹೊತ್ತಿಗೆ ಓಡಿಬಂದು ಪಕ್ಕದ ಸೀಟಿನಲ್ಲಿ ಕೂತು ಬ್ರೇಕಿನ ಮೇಲೆ ಕಾಲಿಟ್ಟಿರುತ್ತಿದ್ದರು.

"ಇಳೀರಿ ಚಿಕ್ಕಪ್ಪ, ನಾನು ತೆಗೀತೀನಿ" ಎಂದಳು ಮಗಳು.

ಅವಳು ಕೂತು, ಪಕ್ಕದ ಸೀಟಿನ ಬೆನ್ನಿಗೆ ಒಂದು ಕೈ ಕೊಟ್ಟು, ಹಿಂದೆ ತಿರುಗಿ ನೋಡುತ್ತ ಕಾರನ್ನು ಒಂದೇ ಸಲಕ್ಕೆ ಬೀದಿಗೆ ತಂದು ಎದುರಿನ ಗೋಡೆಗೆ ಒತ್ತಿ ನಿಲ್ಲಿಸಿದಳು. ಮೂವರೂ ನೋಡುತ್ತ ನಿಂತರು. ಯಾರೂ ಭೇಷ್ ಅನ್ನಲಿಲ್ಲ. ಸತ್ತವರ ಮನೆಯ ಮುಂದೆ ಅದು ಹೇಳುವ ಮಾತೂ ಅಲ್ಲ. ಮೇಷ್ಟ್ರ ಮಗಳಿಗೆ ರಿವರ್ಸ್ ಬರುತ್ತದೆ ಅಂದರೆ ಅದನ್ನು ಅವಳು ಮೇಷ್ಟ್ರಿಂದ ಕಲಿತಿಲ್ಲ ಎನ್ನುವುದು ಮೂವರಿಗೂ ಗೊತ್ತಿತ್ತು.

ಊರಿನಲ್ಲಿ ಕಾರು ಓಡಿಸುವವರಲ್ಲಿ ಮುಕ್ಕಾಲು ಪಾಲು ಜನಕ್ಕೆ ಓಡಿಸಲು ಕಲಿಸಿದವರು ಈ ಮೇಷ್ಟ್ರೇ. ಎದುರಿಗೆ ಡ್ರೈವಿಂಗ್ ಮೇಷ್ಟ್ರು, ಹಿಂದಿನಿಂದ ಬ್ರೇಕ್ ಮೇಷ್ಟ್ರು. ಹರೆಯದಲ್ಲಿ ಒಮ್ಮೆ ಲಾರಿ ಹಿಂದಿನಿಂದ ಗುದ್ದಿ ಅವರ ಕತ್ತು ಸೆಟೆದುಕೊಂಡಿತ್ತು. ಹಿಂದೆ ನೋಡಬೇಕೆಂದರೆ ಇಡೀ ಮೈಯೇ ತಿರುಗಬೇಕು. ಹಾಗಾಗಿ ರಿವರ್ಸ್ ಪಾಠ ಬಂದಾಗೆಲ್ಲ ಏನಾದರೊಂದು ನೆವ ತೆಗೆಯುತ್ತಿದ್ದರು. ಹಿಂದಕ್ಕೆ ಹೋಗುವ ಗೊಡವೆ ಯಾಕೆ, ಒಂದು ಸುತ್ತು ಹಾಕಿ ಬಂದರಾಯಿತು ಅನ್ನುತ್ತಿದ್ದರು. ಲೈಸೆನ್ಸ್ ಪರೀಕ್ಷೆಯಲ್ಲಿ ಒಂದು ಕಾರಿನುದ್ದ ಹಿಂದೆ ಬಂದರೆ ಸಾಕಿತ್ತು, ಅಷ್ಟನ್ನು ಮಾತ್ರ ಉರುಹೊಡೆಸುತ್ತಿದ್ದರು. ಮಿಕ್ಕದ್ದು ಅವರವರ ಹಣೆಬರಹ. ಮಾರುಕಟ್ಟೆಯಲ್ಲಿ ನಿಲ್ಲಿಸುವ ಜಾಗ ಒಂದು ಮಾರು ತಪ್ಪಿಹೋದರೂ ಈ ಊರಿನವರು ಹಿಂದಕ್ಕೆ ಬರುವುದಿಲ್ಲ. ಆಸ್ಪತ್ರೆ, ಅಂಚೆ ಕಚೇರಿ ಎಲ್ಲ ಸುತ್ತಿ ಮತ್ತೆ ಅಲ್ಲಿಗೇ ಬರುತ್ತಾರೆ. ಹೊರಗಿನವರಿಗೆ ಅದೊಂದು ತಮಾಷೆ.

ವ್ಯಾನು ಊರಿನ ಆಡಳಿತ ನಡೆಸುವ ಕಚೇರಿಯದು. ಕಳೆದ ಚಳಿಗಾಲದಿಂದ ಹಾಗೆ. ಆಗ ಮುದ್ರಣಾಲಯದ ಯಜಮಾನರು ಲಾಕಪ್ಪಿನಲ್ಲಿ ತೀರಿಕೊಂಡಿದ್ದರು. ಅವರ ಮಣ್ಣಿಗೆ ಹೋದ ಜನ ಸ್ಮಶಾನದಿಂದ ಮನೆಗೆ ಹೋಗದೆ ನೇರ ಕಚೇರಿಯ ಮುಂದಿನ ಚೌಕಕ್ಕೆ ಹೋಗಿ ಸುಮ್ಮನೆ ನಿಂತುಬಿಟ್ಟಿದ್ದರು. ಘೋಷಣೆ ಇಲ್ಲ, ಕಲ್ಲಿಲ್ಲ. ಆದರೂ ಮೇಲಿನವರಿಗೆ ಅದನ್ನು ಸಹಿಸಲಾಗಲಿಲ್ಲ. ಅಂದಿನಿಂದ ಯಾರೇ ಸತ್ತರೂ ಕಚೇರಿಯ ವ್ಯಾನು ಒಂದು, ಮನೆಯವರ ಕಾರು ಒಂದು. ಉಳಿದವರು ಮನೆಯಲ್ಲೇ ಕೈಮುಗಿದು ಬೀಳ್ಕೊಡಬೇಕು.

ಮಗಳಿಗೆ ಬೇಕಾಗಿದ್ದು ದೊಡ್ಡದೇನಲ್ಲ. ಊರಿಗೆ ಊರನ್ನೇ ರಸ್ತೆಗೆ ಇಳಿಸಿದ ಮನುಷ್ಯ ಮೂರು ಜನರೊಂದಿಗೆ ಕದ್ದು ಹೋಗುವ ಹಾಗೆ ಹೋಗಬಾರದು, ಅಷ್ಟೇ. ಒಂದಷ್ಟು ಜನ ಜೊತೆಗೆ ಬರಬೇಕು. ಆದರೆ ಅದನ್ನು ಬಾಯಿಬಿಟ್ಟು ಕೇಳುವುದು ಹೇಗೆ ಎನ್ನುವುದು ಅವಳಿಗೆ ಬೆಳಗಿನಿಂದ ತಿಳಿದಿರಲಿಲ್ಲ.

*

ಅಪ್ಪನ ಮೇಲೆ ಅವಳಿಗೆ ಒಂದು ಹಳೆಯ ಸಿಟ್ಟಿತ್ತು.

ಎಲ್ಲ ಒಂದೇ ದಿನ ಕೆಟ್ಟದ್ದಲ್ಲ. ಮೊದಲು ಮೇಲಿನವರು ಸಭೆಗಳಿಗೆ ಧ್ವನಿವರ್ಧಕ ಬೇಡ ಅಂದರು. ಒಳ್ಳೆಯದೇ ಆಯಿತು, ಕಿವಿ ತೂತಾಗುತ್ತಿತ್ತು ಎಂದು ಜನ ನಕ್ಕರು. ಆಮೇಲೆ ಸಭೆಯೇ ಬೇಡ ಅಂದರು. ನಮಗೇನು, ನಾವು ಯಾವ ಸಭೆಗೆ ಹೋಗುತ್ತಿದ್ದೆವು ಅಂದುಕೊಂಡರು. ಆಮೇಲೆ ಪತ್ರಿಕೆ ನಿಂತಿತು. ಕಾಗದದ ಅಭಾವ ಎಂದರು, ನಂಬಿದರೆ ನೆಮ್ಮದಿ ಎಂದು ಜನ ನಂಬಿದರು. ಒಂದೊಂದು ಸಲವೂ ಮಗಳು ಊಟದ ಮೇಜಿನ ಮುಂದೆ ಕಿಡಿಕಾರಿದಳು. ಒಂದೊಂದು ಸಲವೂ ಅಪ್ಪ ತಟ್ಟೆಯಿಂದ ತಲೆಯೆತ್ತದೆ ಒಂದೇ ಮಾತು ಹೇಳಿದರು.

"ಸ್ವಲ್ಪ ನೋಡೋಣ."

ಏನನ್ನು ನೋಡುವುದು, ಎಷ್ಟು ನೋಡುವುದು ಎಂದು ಅವರು ಹೇಳಲಿಲ್ಲ. ಇದಕ್ಕಿಂತ ಒಂದು ಕೈ ಹೆಚ್ಚಾದದ್ದೇನೋ ಆಗುತ್ತದೆ, ಆಗ ಯಾರಿಗೂ ಅನುಮಾನ ಇರುವುದಿಲ್ಲ, ಆಗ ಎಲ್ಲರೂ ಒಟ್ಟಿಗೆ ಏಳುತ್ತಾರೆ ಎಂದು ಅವರು ಕಾದರೋ ಏನೋ. ಆದರೆ ಆದದ್ದೆಲ್ಲ ಹಿಂದಿನದಕ್ಕಿಂತ ಒಂದು ಚೂರೇ ಹೆಚ್ಚು. ಒಂದು ಚೂರಿಗೆ ಯಾರು ಮನೆ ಬಿಟ್ಟು ಹೊರಡುತ್ತಾರೆ?

ಮುದ್ರಣಾಲಯದ ಯಜಮಾನರ ಮಣ್ಣಿನ ದಿನ ಮಗಳು ಚಪ್ಪಲಿ ಮೆಟ್ಟಿಕೊಂಡು ಬಾಗಿಲಲ್ಲಿ ನಿಂತಿದ್ದಳು. ಅಪ್ಪ ಬಾಗಿಲಿಗೆ ಅಡ್ಡ ಬಂದರು. ಲೈಸೆನ್ಸ್ ಕೊಡುವವರು ಕಚೇರಿಯವರೇ, ನಮ್ಮ ಡ್ರೈವಿಂಗ್ ಶಾಲೆಯ ಪರವಾನಗಿ ಅವರ ಕೈಯಲ್ಲಿದೆ, ನಿನ್ನ ಹೆಸರು ಒಮ್ಮೆ ಅವರ ಪಟ್ಟಿಗೆ ಬಿತ್ತು ಅಂದರೆ ಜೀವಮಾನವಿಡೀ ಅಳಿಸುವುದಿಲ್ಲ ಎಂದರು.

"ಅಪ್ಪ, ನೀವು ಜೀವನಪೂರ್ತಿ ಬೇರೆಯವರ ಗಾಡಿಗೆ ಬ್ರೇಕ್ ಹಾಕಿದ್ದೇ ಆಯ್ತು" ಎಂದಳು ಅವಳು.

ಅಪ್ಪನ ಮುಖ ಸಪ್ಪಗಾಯಿತು. ಅವರು ಪಕ್ಕಕ್ಕೆ ಸರಿದರು. ಆದರೆ ಸರಿದ ಮೇಲೆ ಅವಳೂ ಹೋಗಲಿಲ್ಲ. ಚಪ್ಪಲಿ ಬಿಚ್ಚಿ ಕೋಣೆಗೆ ಹೋಗಿ ಬಾಗಿಲು ಹಾಕಿಕೊಂಡಳು. ತಾನು ಹೋಗದ ಸಿಟ್ಟನ್ನೂ ಅಪ್ಪನ ಲೆಕ್ಕಕ್ಕೇ ಬರೆದಿಟ್ಟುಕೊಂಡಳು. ಆಮೇಲೆ ಪಕ್ಕದೂರಿನ ಗ್ಯಾರೇಜಿನವನ ಹತ್ತಿರ ಹಟಕ್ಕೆ ಬಿದ್ದು ರಿವರ್ಸ್ ಕಲಿತು ಬಂದಳು. ಅದೊಂದನ್ನು ಬಿಟ್ಟರೆ ಅವಳ ಬಂಡಾಯವೂ ಅಷ್ಟಕ್ಕಷ್ಟೇ.

*

ಬಂದವರು ಒಬ್ಬೊಬ್ಬರಾಗಿ ಅವಳ ಕೈ ಹಿಡಿದು ಸಮಾಧಾನ ಹೇಳಿದರು. ಹೇಳಿ, ಸುತ್ತ ಒಮ್ಮೆ ನೋಡಿ, ಅವಳ ಕಿವಿಗೆ ಬಾಯಿ ಹತ್ತಿರ ತಂದರು.

ಹೆಣ್ಣುಮಕ್ಕಳ ಶಾಲೆಯ ಹೆಡ್‌ಮಿಸ್ಸು ಮೊದಲು ಬಂದರು. ಅವರ ಪಾಠದ ಪುಸ್ತಕದಲ್ಲಿ ಈ ವರ್ಷ ಅರ್ಧ ಹಾಳೆಗಳಿಲ್ಲ. ಅದನ್ನು ಯಾರ ಮುಂದೆಯೂ ಹೇಳಿಕೊಳ್ಳುವ ಹಾಗಿಲ್ಲ.

"ನಾನಾದ್ರೆ ಸ್ಮಶಾನದ ತನಕ ಬಂದೇ ಬರ್ತಿದ್ದೆ ಕಣಮ್ಮ. ಆದ್ರೆ ಇಲ್ಲಿ ಕೂತಿರೋರನ್ನ ನೋಡು. ನಾನು ಹೊರಟೆ ಅಂದ್ರೆ ಸಂಜೆಯೊಳಗೆ ಸುದ್ದಿ ಕಚೇರಿಗೆ ಮುಟ್ಟುತ್ತೆ" ಎಂದು ಹೇಳಿ ಕಣ್ಣಲ್ಲೇ ಔಷಧದಂಗಡಿಯವರನ್ನು ತೋರಿಸಿದರು. ಅವರ ಷಡ್ಡಕ ಕಚೇರಿಯಲ್ಲೇ ಕೆಲಸಕ್ಕಿದ್ದಾನೆ.

ಸ್ವಲ್ಪ ಹೊತ್ತಿಗೆ ಔಷಧದಂಗಡಿಯವರೇ ಅವಳನ್ನು ಪಕ್ಕಕ್ಕೆ ಕರೆದರು. ಮೇಷ್ಟ್ರ ಋಣ ದೊಡ್ಡದು, ನಾನೊಬ್ಬನೇ ಆದರೂ ಬರುತ್ತಿದ್ದೆ, ಆದರೆ ಸರ್ಕಾರಿ ಸಂಬಳದ ಹೆಡ್‌ಮಿಸ್ಸು ಇಲ್ಲೇ ಕೂತಿರುವಾಗ ಹೇಗೆ ಎಂದು ಕೈ ಹಿಸುಕಿಕೊಂಡರು. ಬೇಕರಿಯಾಕೆಗೆ ಇವರಿಬ್ಬರ ಮೇಲೂ ಅನುಮಾನ. ಚಿಕ್ಕಪ್ಪನಿಗೆ ಇಡೀ ಕೋಣೆಯ ಮೇಲೆ ಅನುಮಾನ; ಯಾರಾದರೂ ಕೆಮ್ಮಿದರೂ ಅವರು ಬಾಗಿಲ ಕಡೆ ನೋಡುತ್ತಿದ್ದರು. ಹೀಗೆ ಎಲ್ಲರೂ ಒಬ್ಬರಿಗೊಬ್ಬರು ಹೆದರಿಕೊಂಡು, ಕುರ್ಚಿಯ ತುದಿಯಲ್ಲಿ ಕೂತು, ನೆಲ ನೋಡುತ್ತಿದ್ದರು.

ಮಗಳಿಗೆ ತಲೆ ಚಿಟ್ಟುಹಿಡಿಯಿತು. ಅಡುಗೆಮನೆಗೆ ಹೋದಳು. ಅಮ್ಮ ಸಿಂಕಿನ ಮುಂದೆ ನಿಂತು ಬಂದವರು ಕುಡಿದಿಟ್ಟ ಲೋಟಗಳನ್ನು ತೊಳೆಯುತ್ತಿದ್ದರು. ಬೇಡ ಅಂದವರಿಗೆಲ್ಲ, ಕೈ ಖಾಲಿ ಇದ್ದರೆ ಅಳು ಬರುತ್ತದೆ ಎಂದು ಹೇಳಿ ಕಳಿಸಿದ್ದರು. ಮಗಳು ನಡೆದದ್ದನ್ನೆಲ್ಲ ಹೇಳಿದಳು. ಯಾರು ಯಾರನ್ನು ತೋರಿಸಿದರು, ಯಾರು ಯಾರಿಗೆ ಹೆದರಿದರು, ಎಲ್ಲ.

ಅಮ್ಮ ಕೇಳುತ್ತ ಕೇಳುತ್ತ ನಕ್ಕುಬಿಟ್ಟರು. ಗಂಡನ ಹೆಣ ಹೊರಗಿರುವಾಗ ನಕ್ಕೆನಲ್ಲ ಎಂದು ಸೆರಗನ್ನು ಬಾಯಿಗೆ ಒತ್ತಿಕೊಂಡರು. ಆದರೂ ನಗು ನಿಲ್ಲಲಿಲ್ಲ. ನಗುವಿನ ಹಿಂದೆಯೇ ಅಳುವೂ ಬಂತು.

"ನಿಮ್ಮಪ್ಪ ದಿನಾ ಇದನ್ನೇ ಹೇಳ್ತಿದ್ರು" ಎಂದರು. "ಗಾಜು ಏರಿಸಿದ ಮೇಲೆ ಕಾರಲ್ಲಿ ಯಾರು ಕೇಳ್ತಾರೆ? ಎಲ್ಲರೂ ಅವರ ಹತ್ರ ಬಾಯಿ ಬಿಡ್ತಿದ್ರು. ಕಲಿಯೋಕೆ ಬಂದೋರೆಲ್ಲ. ಮನೆಗೆ ಬಂದು ಷೂ ಬಿಚ್ಚುತ್ತಾ ಹೇಳೋರು, ಇವತ್ತೂ ಒಬ್ಬ ಸಿಕ್ಕಿದ ಕಣೇ, ಈ ಊರಲ್ಲಿ ತಾನೊಬ್ಬನೇ ಹೀಗೆ ಯೋಚನೆ ಮಾಡೋನು ಅಂತಾನೆ."

"ಅಪ್ಪ ಅವರಿಗೆ ಏನಂತಿದ್ರು?"

"ಏನಂತಾರೆ? ಮುಂದೆ ನೋಡಿ ಓಡ್ಸಿ ಅಂತಿದ್ರು."

ಯಾಕೆ ಯಾರಿಗೂ ಹೇಳಲಿಲ್ಲ ಎಂದು ಮಗಳು ಕೇಳಿದಳು. ತನಗಾದರೂ ಹೇಳಬಹುದಿತ್ತಲ್ಲ. ಅಮ್ಮ ನಲ್ಲಿ ನಿಲ್ಲಿಸಿದರು. ತಾವೂ ಕೇಳಿದ್ದುಂಟಂತೆ. ಒಬ್ಬರು ನಂಬಿ ಹೇಳಿದ್ದನ್ನು ಇನ್ನೊಬ್ಬರ ಕಿವಿಗೆ ಹಾಕುವುದು ಹೇಗೆ ಎಂದರಂತೆ ಅಪ್ಪ ಒಂದು ದಿನ. ಅವನು ನಿಜ ಹೇಳಿದನೋ ನನ್ನನ್ನು ಪರೀಕ್ಷೆ ಮಾಡಿದನೋ ಯಾರಿಗೆ ಗೊತ್ತು ಎಂದರಂತೆ ಇನ್ನೊಂದು ದಿನ. ಮಗಳಿದ್ದಾಳೆ ಎಂದರಂತೆ ಮತ್ತೊಂದು ದಿನ.

"ನಿನಗೋಸ್ಕರ ಸುಮ್ಮನಿದ್ರು ಅಂತ ಹೇಳಿದ್ರೆ ಕೇಳೋಕೆ ಚೆನ್ನಾಗಿರುತ್ತೆ. ಅಷ್ಟೇ ಅಲ್ಲಮ್ಮ. ಅವರಿಗೇ ಹೆದರಿಕೆ ಇತ್ತು. ತುಂಬಾ ಇತ್ತು." ಅಮ್ಮ ಕೈ ಒರೆಸಿಕೊಂಡರು. "ಆವತ್ತು ನೀನು ಬಾಗಿಲು ಹಾಕ್ಕೊಂಡ ಮೇಲೆ ಕಾರು ತಗೊಂಡು ಚೌಕಕ್ಕೆ ಹೋಗಿದ್ರು, ಗೊತ್ತಾ?"

ಮಗಳಿಗೆ ಗೊತ್ತಿರಲಿಲ್ಲ.

"ಹೋಗಿ, ಜನ ನಿಂತಿದ್ದನ್ನ ನೋಡಿ, ಸುತ್ತು ಹಾಕಿ ಹಾಕಿ ವಾಪಸ್ ಬಂದ್ರು. ಕಾರು ನಿಲ್ಲಿಸೋಕೆ ಜಾಗ ಸಿಗ್ಲಿಲ್ಲ ಅಂದ್ರು. ಎರಡು ಗಾಡಿ ನಡುವೆ ಒಂದು ಸಂದಿ ಇತ್ತಂತೆ, ರಿವರ್ಸ್ ಹಾಕಿದ್ರೆ ಮಾತ್ರ ಹೋಗುತ್ತಿತ್ತಂತೆ. ನೆವವೋ ನಿಜವೋ ಅಂತ ನಾನು ಕೇಳ್ಲಿಲ್ಲ. ಅವರಿಗೂ ಗೊತ್ತಿತ್ತೋ ಇಲ್ವೋ. ಆ ರಾತ್ರಿ ಊಟ ಬಿಟ್ರು."

ಮಗಳು ಅಡುಗೆಮನೆಯ ಗೋಡೆಗೆ ಒರಗಿ ನಿಂತಳು. ಅಪ್ಪನ ಮೇಲಿನ ಸಿಟ್ಟು ಹೋಯಿತು ಎಂದಲ್ಲ. ಅದನ್ನು ಎಲ್ಲಿಡಬೇಕು ಎಂದು ತಿಳಿಯದಾಯಿತು. ಸೆಟೆದ ಕತ್ತಿನ ಆ ಮನುಷ್ಯ ಚೌಕದ ಸುತ್ತ ಒಬ್ಬರೇ ಸುತ್ತುತ್ತಿದ್ದದ್ದು ಕಣ್ಣಿಗೆ ಕಟ್ಟಿ ಅವಳಿಗೆ ಬೆಳಗಿನಿಂದ ಬಾರದ ಅಳು ಬಂತು.

*

ವ್ಯಾನು ಬಂದು ಗೇಟಿನೊಳಗೆ ನಿಂತಾಗ ಅವಳು ನಡುಮನೆಯ ಮಧ್ಯೆ ಬಂದು ನಿಂತಿದ್ದಳು. ಏನು ಹೇಳಬೇಕೆಂದು ಯೋಚಿಸಿಕೊಂಡಿರಲಿಲ್ಲ. ಕೈಕಟ್ಟಿಕೊಂಡಳು.

"ಅಪ್ಪನ ಕಾರಲ್ಲಿ ಕಲಿತೋರೆಲ್ಲ ಅವರಿಗೆ ಒಂದೇ ಮಾತು ಹೇಳ್ತಿದ್ರಂತೆ. ಇವತ್ತು ಬೆಳಿಗ್ಗೆಯಿಂದ ನನಗೂ ಅದೇ ಮಾತು ಹೇಳಿದೀರಿ, ಗುಟ್ಟಾಗಿ. ಯಾರು ಹೇಳಿದ್ರು ಅಂತ ನಾನು ಹೇಳಲ್ಲ. ಯಾರು ಹೇಳ್ಲಿಲ್ಲ ಅಂತ ಕೇಳಿದ್ರೆ, ಈ ರೂಮಲ್ಲಿ ಅಂಥೋರು ಒಬ್ಬರೂ ಇಲ್ಲ."

ಚಿಕ್ಕಪ್ಪ ಕಣ್ಣು ಮುಚ್ಚಿಕೊಂಡರು. ಹೆಡ್‌ಮಿಸ್ಸು ಔಷಧದಂಗಡಿಯವರನ್ನು ನೋಡಿದರು, ಅವರು ಬೇಕರಿಯಾಕೆಯನ್ನು ನೋಡಿದರು, ಬೇಕರಿಯಾಕೆ ಕಿಟಕಿ ನೋಡಿದಳು. ಯಾರೋ ಒಬ್ಬರು ಅಂಗಡಿ ತೆರೆದಿಟ್ಟು ಬಂದಿದ್ದೇನೆ ಎಂದು ಎದ್ದರು. ಇನ್ನೊಬ್ಬರಿಗೆ ಮನೆಯಲ್ಲಿ ಕೆಲಸ ನೆನಪಾಯಿತು. ಮೇಷ್ಟ್ರನ್ನು ವ್ಯಾನಿಗೆ ಏರಿಸಲು ಎಲ್ಲರೂ ಕೈ ಕೊಟ್ಟರು, ತಲೆ ತಗ್ಗಿಸಿ ನಿಂತರು, ಆಮೇಲೆ ಒಬ್ಬರ ಹಿಂದೆ ಒಬ್ಬರು ಜಾಗ ಖಾಲಿ ಮಾಡಿದರು. ಬಾಗಿಲಲ್ಲಿ ಒಂದು ಜೊತೆ ಚಪ್ಪಲಿಯೂ ಉಳಿಯಲಿಲ್ಲ.

ಎಲ್ಲ ಕೆಡಿಸಿಬಿಟ್ಟೆ ಎಂದುಕೊಂಡಳು ಮಗಳು. ಬಾಯಿ ಮುಚ್ಚಿಕೊಂಡಿದ್ದರೆ ಇನ್ನೊಂದು ಗಳಿಗೆಯಾದರೂ ಕೂತಿರುತ್ತಿದ್ದರು. ಅಮ್ಮನನ್ನು ಮುಂದೆ ಕೂರಿಸಿ, ಚಿಕ್ಕಪ್ಪನನ್ನು ಹಿಂದೆ ಕೂರಿಸಿ, ಡ್ರೈವಿಂಗ್ ಶಾಲೆಯ ಕಾರನ್ನು ವ್ಯಾನಿನ ಹಿಂದೆ ಬಿಟ್ಟಳು. ಚಿಕ್ಕಪ್ಪ ದಾರಿಯುದ್ದಕ್ಕೂ ಅವಳನ್ನು ಬೈದರು. ಬೈದು ಸಾಕಾಗಿ ಸುಮ್ಮನಾದರು.

ಸ್ಮಶಾನಕ್ಕೆ ಹೋಗುವ ದಾರಿ ಊರು ಬಿಟ್ಟ ಮೇಲೆ ಹಳೆಯ ಗಿರಣಿಯ ಎರಡು ಎತ್ತರದ ಗೋಡೆಗಳ ನಡುವೆ ಹಾಯುತ್ತದೆ. ಒಂದು ಗಾಡಿ ಹೋದರೆ ಇನ್ನೊಂದಕ್ಕೆ ಜಾಗವಿಲ್ಲ. ಆ ಗೋಡೆಗಳು ಮುಗಿದು ಹೆದ್ದಾರಿ ಸಿಗುವಲ್ಲಿ ಚೆಕ್‌ಪೋಸ್ಟು. ಒಂದು ಗೂಡಂಗಡಿಯಷ್ಟು ದೊಡ್ಡ ಪೆಟ್ಟಿಗೆಮನೆ, ರಸ್ತೆಗೆ ಅಡ್ಡ ಕೆಂಪು ಬಿಳಿ ಬಳಿದ ಕಂಬ, ಅದನ್ನು ಎತ್ತಿ ಇಳಿಸಲು ಒಬ್ಬ ಪೇದೆ. ಪೇದೆ ನಡುವಯಸ್ಸಿನವನು, ಹೊಟ್ಟೆ ಬೆಲ್ಟಿನ ಮೇಲೆ ಇಳಿಬಿದ್ದಿತ್ತು. ಅವನು ವ್ಯಾನನ್ನು ಆಚೆ ಬಿಟ್ಟು, ಕಾರಿನ ಹತ್ತಿರ ಬಂದು, ಅಮ್ಮನಿಗೆ ನಮಸ್ಕಾರ ಮಾಡಿದ. ಮೇಷ್ಟ್ರು ಹೋದದ್ದು ಕೇಳಿ ಬೇಜಾರಾಯಿತು ಎಂದ. ಎಂದವನು ಹಿಂದೆ ನೋಡಿ ಮಾತು ನಿಲ್ಲಿಸಿದ.

ಮಗಳು ಕನ್ನಡಿಯಲ್ಲಿ ನೋಡಿದಳು. ಅವಳ ಹಿಂದೆ, ಅಪ್ಪ ಕಲಿಸಿದ ಹಾಗೆ ನಡುವೆ ಒಂದು ಗಾಡಿಯ ಅಂತರ ಬಿಟ್ಟು, ಔಷಧದಂಗಡಿಯವರ ನೀಲಿ ಕಾರು ನಿಂತಿತ್ತು. ಅದರ ಹಿಂದೆ ಬ್ರೆಡ್ಡು ಸಾಗಿಸುವ ಬೇಕರಿಯಾಕೆಯ ವ್ಯಾನು. ಅದರ ಹಿಂದೆ ಹೆಡ್‌ಮಿಸ್ಸಿನ ಪುಟ್ಟ ಕಾರು. ಆಮೇಲೆ ಇನ್ನೂ, ಇನ್ನೂ. ಕೆಲವು ಕಾರುಗಳು ಯಾರವು ಎಂದೂ ಅವಳಿಗೆ ಗೊತ್ತಾಗಲಿಲ್ಲ. ಗೋಡೆಯ ತಿರುವಿನ ತನಕ ಸಾಲು ಹಬ್ಬಿತ್ತು, ಅದರಾಚೆಯಿಂದಲೂ ಎಂಜಿನ್ ಸದ್ದು ಬರುತ್ತಿತ್ತು.

ಔಷಧದಂಗಡಿಯವರು ಇಳಿದು ಬಂದರು. ಅವರ ಮುಖ ತಪ್ಪು ಮಾಡಿ ಸಿಕ್ಕಿಬಿದ್ದವರ ಹಾಗಿತ್ತು.

"ಚೆಕ್‌ಪೋಸ್ಟ್ ತನಕ ಬಂದು, ಕೈಮುಗಿದು ವಾಪಸ್ ಹೋಗೋಣ ಅಂತಿದ್ದೆ. ನಾನೊಬ್ಬನೇ ಅಂದ್ಕೊಂಡೆ. ನೋಡಿದ್ರೆ ಇವರೆಲ್ಲ ಹಿಂದೆ" ಎಂದರು.

"ವಾಪಸ್ ಹೇಗೆ ಹೋಗ್ತಿದ್ರಿ?" ಎಂದು ಅಮ್ಮ ಕೇಳಿದರು.

ಅವರು ಎರಡೂ ಗೋಡೆಗಳನ್ನು ನೋಡಿದರು. "ಅದನ್ನ ಯೋಚನೆ ಮಾಡಿರ್ಲಿಲ್ಲ."

ಪೇದೆ ಸಾಲಿನುದ್ದಕ್ಕೂ ಓಡಿದ. ಎಲ್ಲರೂ ಹಿಂದಕ್ಕೆ ಹೋಗಿ, ಹಿಂದಕ್ಕೆ ಹೋಗಿ ಎಂದು ಬಾನೆಟ್ಟುಗಳ ಮೇಲೆ ತಟ್ಟಿದ. ಅವರೇನೂ ಹಟ ಹಿಡಿಯಲಿಲ್ಲ. ಪೊಲೀಸರು ಹೇಳಿದರೆ ಕೇಳಿಯೇ ಅಭ್ಯಾಸ ಇದ್ದ ಜನ. ಎಲ್ಲರೂ ಗೇರು ಬದಲಿಸಿದರು. ಕೊನೆಯ ಕಾರು ಬಲಗೋಡೆಗೆ ಹಿಂಬದಿ ಉಜ್ಜಿ ನಿಂತಿತು. ಅದರ ಮುಂದಿನದು ಎಡಗೋಡೆಗೆ ಮೂತಿ ಕೊಟ್ಟು ಅಡ್ಡಡ್ಡ ಸಿಕ್ಕಿಕೊಂಡಿತು. ಹೆಡ್‌ಮಿಸ್ಸು ಹಿಂದಕ್ಕೆ ಹೋಗಲು ಹೋಗಿ ಬೇಕರಿ ವ್ಯಾನಿನ ಹತ್ತಿರಕ್ಕೆ ಮುಂದೆ ಬಂದರು. ಇಡೀ ಊರು ಮೇಷ್ಟ್ರಿಂದ ಕಲಿತದ್ದನ್ನೆಲ್ಲ ಆ ಸಂದಿಯಲ್ಲಿ ಒಟ್ಟಿಗೆ ಮಾಡಿ ತೋರಿಸಿತು. ಪೇದೆ ಸೊಂಟದ ಮೇಲೆ ಕೈಯಿಟ್ಟು ನಿಂತ. ಅವನ ಅಂಗಿ ಬೆವರಿಗೆ ಬೆನ್ನಿಗಂಟಿತ್ತು.

ನೀವೇ ಒಂದೊಂದಾಗಿ ತೆಗೆದುಬಿಡಿ ಎಂದು ಬೇಕರಿಯಾಕೆ ಅವನಿಗೆ ಸಲಹೆ ಕೊಟ್ಟಳು.

"ನಾನೂ ಮೇಷ್ಟ್ರ ಹತ್ರವೇ ಕಲಿತಿದ್ದು" ಎಂದ ಅವನು, ಯಾರ ಮುಖವನ್ನೂ ನೋಡದೆ.

ಆಮೇಲೆ ಅವನಿಗೆ ಏನೋ ಹೊಳೆಯಿತು. ಮಗಳ ಕಿಟಕಿಗೆ ಬಗ್ಗಿದ. ಇನ್ನು ಶಾಲೆ ನಡೆಸುವವರು ನೀವೇ, ನಿಮಗೆ ಬಂದೇ ಬರುತ್ತದೆ ಎಂದ. ಧ್ವನಿಯಲ್ಲಿ ಜೋರಿರಲಿಲ್ಲ, ಬೇಡಿಕೊಳ್ಳುವ ಹಾಗಿತ್ತು. ಒಂದೊಂದಾಗಿ ಹಿಂದಕ್ಕೆ ತೆಗೆದು ಕೊಟ್ಟರೆ ಎಲ್ಲರೂ ಮನೆಗೆ ಹೋಗುತ್ತಾರೆ, ನಾನು ಯಾರ ಹೆಸರೂ ಬರೆದುಕೊಳ್ಳುವುದಿಲ್ಲ, ನನಗೂ ತೊಂದರೆ ಇಲ್ಲ, ನಿಮಗೂ ಇಲ್ಲ. ಇಲ್ಲದಿದ್ದರೆ ಮೇಲಿನವರಿಗೆ ಫೋನು ಮಾಡಲೇಬೇಕಾಗುತ್ತದೆ.

"ತೆಗೆದುಬಿಡಮ್ಮ" ಎಂದು ಚಿಕ್ಕಪ್ಪ ಹಿಂದಿನಿಂದ ಪಿಸುಗುಟ್ಟಿದರು.

ಅವಳಿಗೆ ಬರುತ್ತಿತ್ತು. ಒಂದು ಗಂಟೆಯೊಳಗೆ ಆ ಸಂದಿಯನ್ನು ಖಾಲಿ ಮಾಡಿಬಿಡುತ್ತಿದ್ದಳು. ಎಲ್ಲರೂ ಕ್ಷೇಮವಾಗಿ ಮನೆ ಸೇರುತ್ತಿದ್ದರು, ಹೆಡ್‌ಮಿಸ್ಸಿನ ಸಂಬಳ ಉಳಿಯುತ್ತಿತ್ತು, ಶಾಲೆಯ ಪರವಾನಗಿ ಉಳಿಯುತ್ತಿತ್ತು. ಇಷ್ಟು ದೂರ ಬಂದರಲ್ಲ, ಅದೇ ಸಾಕು, ಇವತ್ತಿಗೆ ಇಷ್ಟು, ಮುಂದಿನ ಸಲ ನೋಡೋಣ ಎಂದು ಅವಳೊಳಗೆ ಯಾರೋ ಹೇಳುತ್ತಿದ್ದರು. ಆ ಧ್ವನಿ ಅವಳಿಗೆ ಚೆನ್ನಾಗಿ ಗೊತ್ತಿತ್ತು. ಅದನ್ನು ಹೇಡಿ ಎಂದು ಬೈದಿದ್ದವಳು ಅವಳೇ. ಒಳಗಿನಿಂದ ಕೇಳಿದರೆ ಅದು ಇಷ್ಟು ಮೆತ್ತಗೆ, ಇಷ್ಟು ಬುದ್ಧಿವಂತಿಕೆಯ ಮಾತಿನ ಹಾಗಿರುತ್ತದೆ ಎಂದು ಅವಳಿಗೆ ತಿಳಿದಿರಲಿಲ್ಲ. ಅಮ್ಮ ನೇರ ಮುಂದೆ ನೋಡುತ್ತ ಕೂತಿದ್ದರು.

"ನನಗೂ ಬರಲ್ಲ" ಎಂದಳು.

"ಬರಲ್ವಾ?"

"ಅಪ್ಪ ಕಲಿಸ್ಲಿಲ್ಲ."

ಪೇದೆ ಅವಳನ್ನೇ ನೋಡಿದ. ನಂಬಿದ ಮುಖ ಅವನದಾಗಿರಲಿಲ್ಲ. ಎಂಜಿನ್ನುಗಳು ಒಂದೊಂದಾಗಿ ಆರಿದ್ದವು. ಆಗ ಔಷಧದಂಗಡಿಯವರು ಗಂಟಲು ಸರಿಮಾಡಿಕೊಂಡರು. ಯಾರ ಮುಂದೆಯೂ ಗಟ್ಟಿಯಾಗಿ ಮಾತಾಡಿದವರಲ್ಲ ಅವರು. ಮಾತ್ರೆಯ ಹೆಸರನ್ನೂ ಗುಟ್ಟಿನ ಹಾಗೆ ಹೇಳುವವರು.

"ಇಲ್ಲ ಸಾರ್, ಅವರಿಗೆ ಬರಲ್ಲ" ಎಂದರು. "ಬೆಳಿಗ್ಗೆ ಗೇಟಿಂದ ಕಾರು ತೆಗೆಯೋಕೆ ಹೋಗಿ ಹೂಕುಂಡ ಒಡೆದು ಹಾಕಿದ್ರು. ನಾನೇ ಕಣ್ಣಾರೆ ನೋಡಿದೀನಿ."

"ಹೌದು, ನಾನೂ ನೋಡ್ದೆ" ಎಂದಳು ಬೇಕರಿಯಾಕೆ, ಕೆನ್ನೆ ಕೆಂಪಗೆ ಮಾಡಿಕೊಂಡು. "ಒಳ್ಳೆ ಹೂಕುಂಡ ಅದು."

ಆಮೇಲೆ ಕಾರಿನ ಹಿಂದಿನ ಸೀಟಿನಿಂದ ಚಿಕ್ಕಪ್ಪನ ಸಣ್ಣ ಧ್ವನಿ ಕೇಳಿತು. ನಮ್ಮ ಮನೆಯಲ್ಲಿ ಯಾರಿಗೂ ಬರುವುದಿಲ್ಲ ಎಂದರು ಅವರು.

ಪೇದೆ ಪೆಟ್ಟಿಗೆಮನೆಯ ಕಡೆ ನೋಡಿದ, ಫೋನು ಅಲ್ಲಿತ್ತು. ಸಾಲಿನ ಕಡೆ ನೋಡಿದ. ಹೆದ್ದಾರಿಯಾಚೆ ವ್ಯಾನು ಕಾಯುತ್ತ ನಿಂತಿತ್ತು, ಅದರೊಳಗೆ ಅವನಿಗೂ ಓಡಿಸಲು ಕಲಿಸಿದವರಿದ್ದರು. ಅವನು ನಿಧಾನಕ್ಕೆ ನಡೆದುಹೋಗಿ ಕಂಬದ ಹಗ್ಗ ಹಿಡಿದು ಎಳೆದ.

ಕಾರು ಅವನ ಪಕ್ಕ ಬಂದಾಗ ಮಗಳು ನಿಲ್ಲಿಸಿದಳು. ನಾಳೆ ನಿಮ್ಮನ್ನು ಕೇಳುವುದಿ‌ಲ್ಲವೇ ಎಂದಳು.

"ಕೇಳ್ತಾರೆ. ಕೇಳದೆ ಬಿಡ್ತಾರಾ?"

"ಏನ್ ಹೇಳ್ತೀರ?"

ಅವನು ಹಗ್ಗವನ್ನು ಮೊಳೆಗೆ ಗಂಟು ಹಾಕುತ್ತಿದ್ದ. "ರಿವರ್ಸ್ ಬರಲ್ಲ ಅಂತೀನಿ. ಬೇಕಾದ್ರೆ ಬಂದು ನೋಡ್ಲಿ."

*

ಸ್ಮಶಾನದ ಬಯಲಿನಲ್ಲಿ ಕಾರುಗಳು ಮೂತಿಗೆ ಮೂತಿ ಕೊಟ್ಟು, ಸೊಟ್ಟಸೊಟ್ಟಗೆ, ಹೇಗೆ ಬಂದವೋ ಹಾಗೆ ನಿಂತವು. ಮೇಷ್ಟ್ರನ್ನು ಇಳಿಸಿಕೊಳ್ಳಲು ಎಷ್ಟು ಕೈಗಳು ಬಂದವು ಎಂದರೆ ಕಚೇರಿಯ ವ್ಯಾನಿನವನು ತನ್ನ ಕೆಲಸ ಬಿಟ್ಟು ಪಕ್ಕಕ್ಕೆ ನಿಂತ. ಅಮ್ಮ ಮೊದಲ ಹಿಡಿ ಮಣ್ಣು ಹಾಕಿದರು. ಮಗಳು ಹಾಕಿದಳು. ಆಮೇಲೆ ಸಾಲು. ಒಬ್ಬೊಬ್ಬರೂ ಬಗ್ಗಿ ಹಿಡಿ ಮಣ್ಣು ಹಾಕಿ, ಅಲ್ಲೇ ಒಂದು ಕ್ಷಣ ನಿಂತು ಪಕ್ಕಕ್ಕೆ ಸರಿಯುತ್ತಿದ್ದರು. ಹಾಗೆ ಸರಿದವರು ಯಾರೂ ಮನೆಗೆ ಹೋಗಲಿಲ್ಲ.

ಮೊದಮೊದಲು ಮೇಷ್ಟ್ರ ಮಾತಷ್ಟೇ ಆಡಿದರು. ಅವರು ಕಾಲಿನಿಂದ ಬ್ರೇಕು ಒತ್ತಿದ ರಭಸಕ್ಕೆ ತಲೆ ಗಾಜಿಗೆ ಬಡಿದದ್ದು, ಸೆಟೆದ ಕತ್ತಿನಲ್ಲೇ ಬೈದದ್ದು. ಹೆಡ್‌ಮಿಸ್ಸು ಔಷಧದಂಗಡಿಯವರಿಗೆ, ನಿಮ್ಮ ಷಡ್ಡಕನಿಗೆ ಹೆದರಿ ನಾನು ವರ್ಷಾನುಗಟ್ಟಲೆ ನಿಮ್ಮ ಅಂಗಡಿಯಲ್ಲಿ ತಲೆನೋವಿನ ಮಾತ್ರೆಯನ್ನೂ ಕೊಳ್ಳಲಿಲ್ಲ ಎಂದರು. ಅವನ ಜೊತೆ ನಾನು ಮಾತು ಬಿಟ್ಟು ಅಷ್ಟೇ ಕಾಲವಾಯಿತು ಎಂದರು ಅವರು. ಹೆಡ್‌ಮಿಸ್ಸು ನಕ್ಕರು. ಆಮೇಲೆ ಅವರು ಪುಸ್ತಕದಲ್ಲಿ ಇಲ್ಲವಾದ ಹಾಳೆಗಳ ಮಾತೆತ್ತಿದರು, ಯಾವ ಪಾಠ, ಏನಿತ್ತು ಅದರಲ್ಲಿ ಎಂದು. ಧ್ವನಿ ತಗ್ಗಿಸಲಿಲ್ಲ. ತರಗತಿಯಲ್ಲಿ ಹೇಳುವ ಹಾಗೆ ಹೇಳಿದರು, ಸುತ್ತ ನಿಂತವರು ಕೇಳಿಸಿಕೊಂಡರು, ಹಿಂದೆ ಇದ್ದವರು ಹತ್ತಿರ ಬಂದರು.

ಮಗಳು ಅಮ್ಮನ ಪಕ್ಕ ಮಣ್ಣಿನ ದಿಬ್ಬದ ಮೇಲೆ ನಿಂತಿದ್ದಳು. ನಾಳೆ ಏನಾಗುತ್ತದೆ ಎಂದು ಅವಳಿಗೆ ತಿಳಿಯದು. ಹೆದರಿಕೆ ಇತ್ತು, ಆದರೆ ಈಗ ಅದು ಒಬ್ಬಳದಾಗಿರಲಿಲ್ಲ. ಮಣ್ಣು ಹಾಕುವ ಸಾಲು ಕರಗುತ್ತ ಬಂದು ಕೊನೆಯಲ್ಲಿ ಒಬ್ಬನೇ ಉಳಿದಿದ್ದ. ಟೋಪಿಯನ್ನು ಕಂಕುಳಲ್ಲಿ ಇರುಕಿಕೊಂಡು, ಹೊಟ್ಟೆಯಿಂದಾಗಿ ಕಷ್ಟಪಟ್ಟು ಬಗ್ಗಿ, ಪೇದೆ ಒಂದು ಹಿಡಿ ಮಣ್ಣು ತೆಗೆದುಕೊಂಡ.

ಅವನ ತಲೆಯ ಮೇಲಿಂದ ಅವಳಿಗೆ ದೂರದ ಹೆದ್ದಾರಿ ಕಾಣುತ್ತಿತ್ತು. ಚೆಕ್‌ಪೋಸ್ಟಿನ ಕಂಬ ನೇರ ಮೇಲೆದ್ದು ನಿಂತಿತ್ತು, ಹತ್ತಿರ ಯಾರೂ ಇರಲಿಲ್ಲ. ಯಾವುದೋ ಊರಿನ ಕಾರೊಂದು ಬಂತು. ಅಭ್ಯಾಸಬಲದಿಂದ ಅಲ್ಲಿ ನಿಧಾನ ಮಾಡಿ ನಿಂತಿತು. ಯಾರಾದರೂ ಬಂದಾರು ಎಂದು ಸ್ವಲ್ಪ ಹೊತ್ತು ಕಾದಿತು. ಆಮೇಲೆ ಹೊರಟಿತು. ಅದರ ಹಿಂದೆ ಬಂದದ್ದು ಅಷ್ಟು ಹೊತ್ತು ಕಾಯಲಿಲ್ಲ.